ನಡೆಯದ ಜಗಳ

ಗುರುವಾಯನಕೆರೆಯಲ್ಲಿ ಬಸ್ ಹತ್ತಿ ಕಿಟಕಿಗೆ ತಲೆ ಒರಗಿಸಿದರೆ, ನಿದ್ದೆ ಸರಿಯಾಗಿ ಹತ್ತುವ ಮೊದಲೇ ಮೂಡುಬಿದಿರೆ ಬಂದುಬಿಡುತ್ತದೆ. ಅಷ್ಟು ಹತ್ತಿರ. ಹತ್ತಿರವಾದದ್ದೇ ಕಷ್ಟಕ್ಕೆ ಬಂತು. ಮುಂಬೈಗೋ ದುಬೈಗೋ ಹೋಗಿದ್ದರೆ ಯಾರೂ ಒಂದು ಮಾತು ಕೇಳುತ್ತಿರಲಿಲ್ಲ, ಬರುವಾಗ ಏನು ತರುತ್ತೀ ಎಂದು ಕೇಳುತ್ತಿದ್ದರು. ನಮ್ಮ ಕಡೆ ಮನೆ ಬಿಟ್ಟು ಹೋಗಲಿಕ್ಕೆ ಎಲ್ಲರೂ ಒಪ್ಪಿದ ಕಾರಣಗಳು ಕೆಲವೇ. ಓದು, ಮದುವೆ, ಮುಂಬೈ, ಗಲ್ಫ್. ಓದು ಮುಗಿದ, ಮದುವೆಯಾಗದ ಹುಡುಗಿಯೊಬ್ಬಳು ಒಂದು ಬಸ್ಸಿನಷ್ಟು ದೂರದಲ್ಲಿ ಬಾಡಿಗೆ ಕೋಣೆ ಹಿಡಿದು ಕೂತಳೆಂದರೆ ಊರಿನ ಪ್ರಕಾರ ಅದಕ್ಕೆ ಒಂದೇ ಅರ್ಥ: ಮನೆಯಲ್ಲಿ ಏನೋ ಆಗಿದೆ.

ಏನೂ ಆಗಿರಲಿಲ್ಲ. ಅದನ್ನು ನಂಬಿಸಲು ನನ್ನಿಂದ ಈವರೆಗೂ ಆಗಿಲ್ಲ.

ನನ್ನ ಕೆಲಸ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು, ಅದೂ ಕಂಪ್ಯೂಟರಿನಲ್ಲಿ. ಮಂಗಳೂರಿನ ಒಂದು ಜಾಹೀರಾತು ಕಚೇರಿಯಲ್ಲಿ ಕೆಲವು ವರ್ಷ ದುಡಿದು, ಅಲ್ಲಿಯ ಯಜಮಾನರ ಜೊತೆ ನನ್ನ ಸಿಟ್ಟು ಹೊಂದದೆ ಕೆಲಸ ಬಿಟ್ಟು, ಫ್ರೀಲಾನ್ಸ್ ಮಾಡುತ್ತೇನೆಂದು ಊರಿಗೆ ಬಂದೆ. ಮನೆಯಲ್ಲಿ ಅಮ್ಮ, ಅಣ್ಣ, ಅಣ್ಣನನ್ನು ಮದುವೆಯಾಗಿ ಅದೇ ವರ್ಷ ನೆರಿಯದಿಂದ ಬಂದಿದ್ದ ಅತ್ತಿಗೆ. ಅಣ್ಣನಿಗೆ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಬೆಳಿಗ್ಗೆ ಅಂಗಿ ಹಾಕಿಕೊಂಡು ಅವನು ಹೊರಡುತ್ತಿದ್ದ, ಆದ್ದರಿಂದ ಅವನದು ಕೆಲಸ. ನಾನು ಮೇಜಿನ ಮುಂದೆ ಕೂತೇ ಇರುತ್ತಿದ್ದೆ, ಆದ್ದರಿಂದ ನನ್ನದು ಕೂತಿರುವುದು.

"ಹೇಗೂ ನೀನು ಮನೆಯಲ್ಲೇ ಇದ್ದೀಯಲ್ಲ" ಎಂಬ ಮಾತನ್ನು ಆ ತಿಂಗಳುಗಳಲ್ಲಿ ನಾನು ಕೇಳಿದಷ್ಟು ಬೇರೆ ಯಾರೂ ಕೇಳಿರಲಾರರು. ಹೇಗೂ ಮನೆಯಲ್ಲೇ ಇದ್ದೀಯಲ್ಲ, ಗ್ಯಾಸ್ ಬರ್ತದೆ ನೋಡಿಕೊ. ಹೇಗೂ ಇದ್ದೀಯಲ್ಲ, ಬೆಳ್ತಂಗಡಿಗೆ ಹೋಗಿ ಕರೆಂಟ್ ಆಫೀಸಿನಲ್ಲಿ ಒಮ್ಮೆ ಕೇಳಿ ಬಾ. ಒಮ್ಮೆ ದೆಹಲಿಯ ಪ್ರಕಾಶಕರ ಜೊತೆ ವಿಡಿಯೋದಲ್ಲಿ ಮಾತಾಡುತ್ತಿದ್ದಾಗ, ಮನೆಗೆ ಬಂದಿದ್ದ ಸೋದರಮಾವ ನನ್ನ ಬೆನ್ನ ಹಿಂದೆ ಹಳೇ ಪೇಪರ್ ಹಾಸಿಕೊಂಡು, ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿನ ಹಣ್ಣು ಕೊಯ್ಯಲು ಕೂತರು. ದೆಹಲಿಯವರು ನಾನು ಹೇಳುತ್ತಿದ್ದುದನ್ನು ಬಿಟ್ಟು ಅದನ್ನೇ ನೋಡತೊಡಗಿದರು. ಮಾವ ಕ್ಯಾಮೆರಾದ ಕಡೆಗೆ ಒಂದು ತೊಳೆ ಎತ್ತಿ ತೋರಿಸಿ, "ತಿನ್ತಾರಾ ಕೇಳು" ಎಂದರು. ಆ ಪುಸ್ತಕ ನನಗೆ ಸಿಗಲಿಲ್ಲ. ನಾನು ಆ ದಿನ ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ಮಾವ ಪಾಪ ಹಣ್ಣನ್ನು ಅರ್ಧಕ್ಕೇ ಬಿಟ್ಟು ಹೋದರು.

ನನ್ನ ಕೆಲಸ ಕೆಲಸವೆಂದು ಆ ಮನೆಯಲ್ಲಿ ಅರ್ಥವಾದದ್ದು ಅತ್ತಿಗೆಗೆ ಮಾತ್ರ. ಅವಳು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ತರಕಾರಿ ಹೆಚ್ಚುತ್ತಾ ಬಂದವರನ್ನೆಲ್ಲ ತಡೆಯುತ್ತಿದ್ದಳು. ಮೀಟಿಂಗ್ ಉಂಟೆಂದರೆ ಯಾರೂ ಕೇಳುವುದಿಲ್ಲವೆಂದು ಗೊತ್ತಾದ ಮೇಲೆ, "ಅವಳಿಗೆ ತಲೆನೋವು, ಮಲಗಿದ್ದಾಳೆ" ಎಂದು ಸುಳ್ಳು ಹೇಳುತ್ತಿದ್ದಳು. ಕಡೆಗೊಂದು ದಿನ ಅವಳೇ ಹೇಳಿದಳು.

"ಹೀಗೆ ಆದ್ರೆ ನಿನಗೆ ನಿಜವಾಗಿ ತಲೆನೋವು ಬರ್ತದೆ ಮಾರಾಯ್ತಿ. ಮೂಡುಬಿದಿರೆಯಲ್ಲಿ ಒಂದು ಜಾಗ ಉಂಟು. ನನ್ನ ಜೊತೆ ಓದಿದವಳು ಅಲ್ಲೇ ಇದ್ದಳು. ಲ್ಯಾಪ್‌ಟಾಪ್ ಹಿಡ್ಕೊಂಡವರೇ ಇರುವುದಂತೆ. ನೀನು ಹೋಗು. ಅತ್ತೆಗೆ ನಾನು ಹೇಳ್ತೇನೆ."

ಅವಳೇ ಅಮ್ಮನಿಗೆ ಹೇಳಿದಳು, ಅವಳೇ ಅಣ್ಣನ ಮನಸ್ಸು ತಿರುಗಿಸಿದಳು, ಹೊರಡುವ ದಿನ ಅವಳೇ ನನ್ನ ಚಾಪೆ, ಮೈ ಒರೆಸುವ ಬೈರಾಸು, ಒಂದು ಬಾಟಲಿ ಉಪ್ಪಿನಕಾಯಿ ಕಟ್ಟಿಕೊಟ್ಟಳು. ನಾನು ಮನೆ ಬಿಟ್ಟದ್ದರಲ್ಲಿ ಅತ್ತಿಗೆಯ ಪಾತ್ರ ಇಷ್ಟು.

ಮೂಡುಬಿದಿರೆಯ ಆ ಮನೆಯ ಗೇಟಿನಲ್ಲಿ ಕೋ-ಲಿವಿಂಗ್ ಎಂದು ಬೋರ್ಡ್ ಇತ್ತು. ಗಲ್ಫಿನಿಂದ ಹಿಂದಿರುಗಿದ ದಂಪತಿ ಮಹಡಿಯ ಮೇಲೆ ಮಹಡಿ ಎಬ್ಬಿಸಿ, ಏನು ಮಾಡುವುದೆಂದು ತಿಳಿಯದೆ ಹೀಗೆ ಮಾಡಿದ್ದರು. ಕೆಳಗಿನ ಹಾಲಿನಲ್ಲಿ ಉದ್ದದ ಮೇಜು, ಇನ್ವರ್ಟರ್, ಒಳ್ಳೆಯ ಇಂಟರ್ನೆಟ್. ಮೇಲೆ ನಮ್ಮ ಕೋಣೆಗಳು. ಅಡಿಗೆಮನೆ ಎಲ್ಲರದ್ದೂ. ಮನೆಯ ಯಜಮಾನಿಯನ್ನು ಎಲ್ಲರೂ ಆಂಟಿ ಎನ್ನುತ್ತಿದ್ದರು. ಯಾರಾದರೂ ಪೀಜಿ ಎಂದರೆ ಅವರಿಗೆ ಮೂಗಿನ ಮೇಲೆ ಕೋಪ. "ಪೀಜಿಯಲ್ಲಿ ಬಂದು ಮಲಗುವುದು. ಇಲ್ಲಿ ಬದುಕುವುದು" ಎನ್ನುತ್ತಿದ್ದರು. ಅಮ್ಮ ಮಾತ್ರ ಕೇಳಿದವರಿಗೆಲ್ಲ ಹಾಸ್ಟೆಲ್ ಎಂದಳು. ಮೂಡುಬಿದಿರೆ ಎಂದರೆ ಹಾಸ್ಟೆಲ್ ಮಕ್ಕಳ ಊರಲ್ಲವೇ? "ಈ ಪ್ರಾಯದಲ್ಲಿ ಎಂತ ಓದುವುದು?" ಎಂದು ಅವರು ತಿರುಗಿ ಕೇಳಿದರೆ ಅಮ್ಮ ಚಾ ಮಾಡಲು ಏಳುತ್ತಿದ್ದಳು.

ನನಗೆ ಅಲ್ಲಿ ಸುಖವಿತ್ತು. ಅದನ್ನು ಮುಚ್ಚಿಟ್ಟು ಏನಾಗಬೇಕು? ಉದ್ದದ ಮೇಜಿನ ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಶಿವಮೊಗ್ಗದ ಹುಡುಗಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಯಾರೂ ಮಾತಾಡಿಸುತ್ತಿರಲಿಲ್ಲ. ಅದೊಂದೇ ನಿಯಮ. ಮಧ್ಯಾಹ್ನ ಕುಕ್ಕರಿನಲ್ಲಿ ಕುಚ್ಚಲಕ್ಕಿ ಗಂಜಿ, ಯಾರದ್ದೋ ಮನೆಯಿಂದ ಬಂದ ಚಟ್ನಿ. ಒಬ್ಬರ ಕೆಲಸ ಒಪ್ಪಿಗೆಯಾಯಿತೆಂದರೆ ಎಲ್ಲರೂ ಹೊರಗೆ ಹೋಗಿ ಐಸ್‌ಕ್ರೀಮ್ ತಿನ್ನುತ್ತಿದ್ದೆವು. ಒಂದು ಪುಸ್ತಕ ಸಿಕ್ಕಿತು. ಅದನ್ನು ನೋಡಿ ಇನ್ನೊಂದು ಸಿಕ್ಕಿತು. ಒಂದು ಆನೆಯನ್ನು ಹತ್ತು ಸಲ ತಿದ್ದಿ ಸರಿಮಾಡುವಷ್ಟು ಹೊತ್ತು ನನ್ನನ್ನು ಯಾರೂ ಕರೆಯುತ್ತಿರಲಿಲ್ಲ.

ಮಳೆ ಹಿಡಿಯುವ ಮೊದಲು ಒಂದು ದಿನ ಬಂಟ್ವಾಳದಿಂದ ದೊಡ್ಡಮ್ಮ ಬಂದರು, ಅಮ್ಮನ ಅಕ್ಕ. ನಮ್ಮ ಕುಟುಂಬದಲ್ಲಿ ಮದುವೆ, ಮನಸ್ತಾಪ, ಪಾಲುಪಟ್ಟಿ ಯಾವುದೂ ಅವರ ಬಾಯಿಗೆ ಬೀಳದೆ ಮುಗಿಯುವುದಿಲ್ಲ. ಹೇಳದೆ ಕೇಳದೆ ಬಂದವರು ಹಾಲಿನಲ್ಲಿ ಕೂತು ಸುತ್ತ ನೋಡಿದರು. ನನ್ನ ಕೋಣೆ ನೋಡಬೇಕೆಂದರು. ಮೇಲೆ ಕರೆದುಕೊಂಡು ಹೋದೆ. ನೆಲದ ಮೇಲಿನ ಚಾಪೆ, ಒಂದು ತಟ್ಟೆ, ಒಂದು ಲೋಟ. ಹಿಂದಿನ ರಾತ್ರಿ ಕೆಲಸ ಮಾಡಿ ನನ್ನ ಕಣ್ಣು ಕೆಂಪಾಗಿತ್ತು. ದೊಡ್ಡಮ್ಮನ ಕಣ್ಣಲ್ಲಿ ನೀರು ಬಂತು.

"ಹುಟ್ಟಿದ ಮನೆ ಇಟ್ಟುಕೊಂಡು ಇಲ್ಲಿ ನೆಲದಲ್ಲಿ ಮಲಗುವ ಹಾಗಾಯಿತಾ ಮಗಾ? ಅವಳು ಬಂದ ಮೇಲೆ ಅಲ್ವಾ ಇದೆಲ್ಲ?"

ಅವರು ಹೀಗೆ ಯೋಚಿಸಿದ್ದಕ್ಕೆ ಹಿನ್ನೆಲೆಯಿದೆ. ನಮ್ಮದು ಅಳಿಯಕಟ್ಟು. ಹೆಣ್ಣಿನ ಕಡೆಯಿಂದ ಕುಟುಂಬ ಲೆಕ್ಕ. ಕಾನೂನು ಬದಲಾಗಿ ತಲೆಮಾರುಗಳಾದರೂ ಮಾತಿನಲ್ಲಿ ಮನೆ ಇನ್ನೂ ಹೆಣ್ಣುಮಕ್ಕಳದ್ದೇ. ಅಣ್ಣನ ಹೆಂಡತಿಗೆ ಅವಳ ತಾಯಿಯ ಮನೆ ಉಂಟು, ಮನೆಯ ಮಗಳಿಗೆ ಇದೇ ಮನೆ. ಅಂಥದ್ದರಲ್ಲಿ ಮಗಳು ಹೊರಗೆ ಚಾಪೆಯ ಮೇಲೆ, ಬಂದವಳು ಒಳಗೆ ಮಂಚದ ಮೇಲೆ ಎಂದರೆ ದೊಡ್ಡಮ್ಮನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಾನು ಇಲ್ಲವೆಂದೆ. ಕಳಿಸಿದ್ದೇ ಅತ್ತಿಗೆ ಎಂದೆ. ಹಾಗೆ ಹೇಳಬಾರದಿತ್ತು. "ಕಳಿಸಿದ್ದೇ ಅವಳಾ!" ಎಂದರು. ಅಯ್ಯೋ ಹಾಗಲ್ಲ, ಅವಳು ಬಹಳ ಒಳ್ಳೆಯವಳು ಎಂದೆ. "ನಿನ್ನ ಮನಸ್ಸು ದೊಡ್ಡದು ಮಗಾ, ಮನೆಯ ಮರ್ಯಾದೆ ಹೊರಗೆ ಹಾಕುವವಳಲ್ಲ ನೀನು" ಎಂದು ನನ್ನ ತಲೆ ಸವರಿದರು. ನಾನು ಅತ್ತಿಗೆಯನ್ನು ಹೊಗಳಿದಷ್ಟೂ ಅವಳ ಮೇಲಿನ ಆರೋಪ ಗಟ್ಟಿಯಾಗುತ್ತಾ ಹೋಯಿತು. ಅಷ್ಟರಲ್ಲಿ ಇನ್ನೊಂದು ಪುಸ್ತಕದ ವಿಷಯವಾಗಿ ದೆಹಲಿಯಿಂದ ಫೋನ್ ಬಂತು, ಬಹಳ ದಿನದಿಂದ ಕಾಯುತ್ತಿದ್ದ ಫೋನ್. ಈಗ ಬಂದೆ ದೊಡ್ಡಮ್ಮ ಎಂದು ಫೋನ್ ಹಿಡಿದು ತಾರಸಿಗೆ ಹೋದೆ. ಮಾತು ಮುಗಿಸಿ ಬರುವಾಗ ಅವರು ಹೊರಟುಹೋಗಿದ್ದರು. ಪೊಳಲಿ ಅಮ್ಮನಿಗೆ ಹೂವಿನ ಪೂಜೆ ಹೇಳಿಕೊಂಡಿದ್ದೇನೆ, ಎಲ್ಲ ಸರಿಯಾಗ್ತದೆ ಅಂತ ಹೇಳಿ ಎಂದು ಆಂಟಿಯ ಹತ್ತಿರ ಹೇಳಿ ಹೋಗಿದ್ದರಂತೆ.

ನನಗಾಗ ಹಗುರವೆನಿಸಿತು. ಒಂದು ವಾದ ತಪ್ಪಿತಲ್ಲ, ಕೂತು ಕೆಲಸ ಮಾಡಬಹುದಲ್ಲ ಎಂದು. ಹಿಂದೆಯೇ ಬಸ್ ನಿಲ್ದಾಣಕ್ಕೆ ಓಡಿ ಅವರನ್ನು ಹಿಡಿಯಬಹುದಿತ್ತು. ಓಡಲಿಲ್ಲ, ಮೇಜಿನ ಮುಂದೆ ಕೂತೆ. ಈ ಹಗುರ ನೆನಪಾದಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತದೆ.

ಸುದ್ದಿ ಬಂಟ್ವಾಳದಿಂದ ಬೆಳ್ತಂಗಡಿಗೆ ಬಂತು, ಬೆಳ್ತಂಗಡಿಯಿಂದ ನೆರಿಯಕ್ಕೆ ಹೋಯಿತು. ಅತ್ತಿಗೆ ಫೋನ್ ಮಾಡಿ ನಗುತ್ತಾ ಹೇಳಿದಳು.

"ನಾನು ನಿನ್ನನ್ನು ಮನೆಯಿಂದ ಓಡಿಸಿದೆನಂತೆ ಮಾರಾಯ್ತಿ. ಅಷ್ಟು ತಾಕತ್ತಿದ್ದರೆ ಮೊದಲು ನಿನ್ನ ಅಣ್ಣನನ್ನು ಓಡಿಸ್ತಿದ್ದೆ."

ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ಅವಳ ಸ್ವರ ಇಳಿಯಿತು. "ನೆರಿಯದಲ್ಲಿ ನನ್ನ ಅಮ್ಮನ ಕಿವಿಗೂ ಹಾಕಿದ್ದಾರೆ. ಅಮ್ಮ ಊಟ ಬಿಟ್ಟು ಕೂತಿದ್ದಾರಂತೆ. ಅದೊಂದು ಬೇಜಾರು."

ನಾನು ಈಗಲೇ ಬರ್ತೇನೆ, ಒಬ್ಬೊಬ್ಬರ ಮನೆಗೂ ಹೋಗಿ ಹೇಳ್ತೇನೆ ಎಂದೆ. "ಮೊದಲು ಪುಸ್ತಕ ಮುಗಿಸು" ಎಂದಳು. ಎರಡನೆಯ ಸಲ ಹೇಳಿಸಿಕೊಳ್ಳದೆ ಒಪ್ಪಿಬಿಟ್ಟೆ. ನನ್ನ ಅಮ್ಮನಾದರೂ ಜನರ ಬಾಯಿ ಮುಚ್ಚಿಸಬಹುದಿತ್ತು. ಆದರೆ ನಿಜ ಹೇಳುವುದೆಂದರೆ, ಮಗಳಿಗೆ ನಾವೇ ಕೆಲಸ ಮಾಡಲು ಬಿಡಲಿಲ್ಲ ಎಂದು ಹೇಳಬೇಕು. ಅಮ್ಮ ಈ ಸಲ ಸುಳ್ಳು ಹೇಳಲಿಲ್ಲ, ಸುಮ್ಮನಿದ್ದಳು. ಅಮ್ಮನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನೂ ಮಾಡಿದ್ದು ಅದನ್ನೇ ಎಂಬುದು ಮಾತ್ರ ಆಗ ತೋಚಲಿಲ್ಲ. ಮೇಜಿನ ಆ ತುದಿಯ ಶಿವಮೊಗ್ಗದ ಹುಡುಗಿಗೆ ಎಲ್ಲ ಹೇಳಿಕೊಂಡಾಗ ಅವಳು ಇಯರ್‌ಫೋನ್ ತೆಗೆದಿಟ್ಟು ಪೂರ್ತಿ ಕೇಳಿ, "ನಿಜ ಹೇಳ್ರೀ, ಏನೂ ಜಗಳ ಆಗಿಲ್ವಾ?" ಎಂದಳು. ಅವಳಿಗೂ ಸಂಶಯ.

ಅತ್ತಿಗೆ ಬಸುರಿಯಾದಳು. ಸೀಮಂತವನ್ನು ಮನೆಯ ಅಂಗಳದಲ್ಲೇ ಶಾಮಿಯಾನ ಹಾಕಿ ಮಾಡಿದರು. ಹಸಿರು ಬಳೆ ತೊಟ್ಟು, ಮೊಣಕೈವರೆಗೂ ಮದರಂಗಿ ಹಾಕಿಕೊಂಡು ಅತ್ತಿಗೆ ಕುರ್ಚಿಯಲ್ಲಿ ಕೂತಿದ್ದಳು. ನೆರಿಯದಿಂದ ಅವಳ ತಾಯಿ ಬಂದಿದ್ದರು. ನಾನು ಮಾಮಿ ಎಂದೇ ಕರೆಯುವುದು. ಮದುವೆಯ ದಿನ ನನ್ನ ಕೆನ್ನೆ ಹಿಂಡಿ "ಏನೇ ಪೋರಿ" ಎಂದಿದ್ದವರು ಈ ಸಲ ನನ್ನನ್ನು ಕಂಡು ಎದ್ದು ನಿಂತರು. "ನೀವು ಆರಾಮಾ?" ಎಂದರು.

ಹೆಂಗಸರು ಒಬ್ಬೊಬ್ಬರಾಗಿ ಹೋಗಿ ಹೂ ಮುಡಿಸಿ ಆರತಿ ಎತ್ತುತ್ತಿದ್ದರು. ಗಂಡನ ತಂಗಿಯೆಂದು ನನ್ನನ್ನು ಕರೆದರು. ಕೈಯಲ್ಲಿ ಮಲ್ಲಿಗೆ ಹಿಡಿದು ಮುಂದೆ ಹೋಗುವಾಗ ದೊಡ್ಡಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಬಾ ಮಗಾ. ನಿನ್ನದೇ ಮನೆ. ಎಲ್ಲ ಮರೆತು ಮುಡಿಸು."

ನನ್ನ ಸಿಟ್ಟು ನೆತ್ತಿಗೇರಿತು. "ಮರೆಯಲಿಕ್ಕೆ ಎಂತ ಆಗಿದೆ ದೊಡ್ಡಮ್ಮ?" ಎಂದು ಕೇಳಿದ್ದು ಕೂಗಿದ ಹಾಗೇ ಬಂತು.

"ನೋಡಿ, ಇನ್ನೂ ಮನಸ್ಸಿನಿಂದ ಹೋಗಲಿಲ್ಲ" ಎಂದರು ದೊಡ್ಡಮ್ಮ ಪಕ್ಕದವರ ಹತ್ತಿರ.

ಆಗ ಮಾಮಿ ಕೈಯಲ್ಲಿದ್ದ ಹರಿವಾಣ ಕೆಳಗಿಟ್ಟು ಬಂದು ನನ್ನೆದುರು ಕೈ ಮುಗಿದರು. ನನ್ನ ಅಮ್ಮನಿಗಿಂತ ಹಿರಿಯರು. "ನನ್ನ ಮಗಳಿಂದ ತಪ್ಪಾಗಿದ್ದರೆ ನಾನು ಕೇಳಿಕೊಳ್ತೇನೆ. ಹೊಟ್ಟೆಯಲ್ಲಿ ಮಗು ಉಂಟು. ಇವತ್ತು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡಿ. ಮನೆಗೆ ಬಂದುಬಿಡಿ."

ಬರುತ್ತೇನೆ ಎಂದರೆ ಮೂಡುಬಿದಿರೆ ಮುಗಿಯಿತು, ಕೆಲಸ ಮುಗಿಯಿತು. ಬರುವುದಿಲ್ಲ ಎಂದರೆ ಈ ಹೆಂಗಸು ಮುಗಿದ ಕೈ ಇಳಿಸುವುದಿಲ್ಲ. ಆಗ ಕೂತಿದ್ದ ಅತ್ತಿಗೆ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದಳು.

"ಅಮ್ಮ, ನೀವು ಕೈ ಮುಗಿಯಬೇಡಿ. ತಪ್ಪು ಮಾಡಿದ್ದು ನಾನು, ಕೇಳಬೇಕಾದ್ದೂ ನಾನೇ. ಏನೋ ಸಿಟ್ಟಿನಲ್ಲಿ ಬಾಯಿಂದ ಒಂದು ಮಾತು ಬಂದುಹೋಯಿತು. ಕ್ಷಮಿಸು."

ನಾನು ಅವಳ ಮುಖ ನೋಡಿದೆ. ಅವಳು ಮಣಿಕಟ್ಟನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು, ಸುಮ್ಮನಿರು ಎನ್ನುವ ಹಾಗೆ. ಇಲ್ಲ, ಇದು ಸುಳ್ಳು, ಅವಳು ನನಗೆ ಒಂದು ಮಾತೂ ಅಂದಿಲ್ಲ ಎಂದು ನಾನು ಕೂಗಬೇಕಿತ್ತು. ಕೂಗಿದ್ದರೆ, ಸೀಮಂತಕ್ಕೆ ಕೂತ ಬಸುರಿ ಎಲ್ಲರೆದುರು ಕ್ಷಮೆ ಕೇಳಿದರೂ ನಾದಿನಿ ಕೊಡಲಿಲ್ಲ ಎಂದಾಗುತ್ತಿತ್ತು. ಇದು ಆಮೇಲೆ ನನಗೆ ನಾನೇ ಕೊಟ್ಟುಕೊಂಡ ಸಮಜಾಯಿಷಿಯೂ ಇರಬಹುದು. ಆ ಕ್ಷಣದಲ್ಲಿ ಯೋಚನೆ ಅಷ್ಟು ದೂರ ಓಡಿತ್ತೋ ಇಲ್ಲವೋ. ನಾನು ಬಗ್ಗಿ ಅವಳ ಜಡೆಗೆ ಹೂ ಮುಡಿಸಿದೆ.

ಹೆಂಗಸರೆಲ್ಲ ಒಟ್ಟಿಗೆ ಉಸಿರುಬಿಟ್ಟರು. ದೊಡ್ಡಮ್ಮ ಕಣ್ಣೊರೆಸಿಕೊಂಡು, "ಇನ್ನು ಯಾರೂ ಈ ವಿಷಯ ಎತ್ತಬಾರದು" ಎಂದು ತೀರ್ಪು ಕೊಟ್ಟರು. ಊಟ ಗಮ್ಮತ್ತಾಯಿತು. ನನಗೆ ಎಲ್ಲರೂ ಒತ್ತಾಯ ಮಾಡಿ ಮಾಡಿ ಬಡಿಸಿದರು. ಪಾಯಸದ ಹೊತ್ತಿಗೆ ದೊಡ್ಡಮ್ಮನೇ ಅಮ್ಮನಿಗೆ ಹೇಳಿದರು, "ಅವಳು ಇನ್ನು ಸ್ವಲ್ಪ ಸಮಯ ಅಲ್ಲೇ ಇರಲಿ. ಮನಸ್ಸು ತಿಳಿಯಾಗ್ಲಿ. ಒತ್ತಾಯ ಮಾಡುವುದು ಬೇಡ." ನಾನು ನಿಜ ಹೇಳಿದಾಗ ಸಿಗದಿದ್ದ ಅನುಮತಿ ಅತ್ತಿಗೆಯ ಒಂದು ಸುಳ್ಳಿನಿಂದ ಸಿಕ್ಕಿತು.

ಶಾಮಿಯಾನ ಬಿಚ್ಚುವ ಹೊತ್ತಿಗೆ ಬಟ್ಟಲು ತೊಳೆಯುವ ಜಾಗದಲ್ಲಿ ಅವಳು ಒಬ್ಬಳೇ ಸಿಕ್ಕಳು. ಯಾಕೆ ಹಾಗೆ ಹೇಳಿದೆ ಎಂದು ಕೇಳುವಷ್ಟರಲ್ಲಿ ನನಗೆ ಅಳು ಬಂತು.

"ಅಮ್ಮ ಕೈ ಮುಗಿದು ನಿಂತಿದ್ದರಲ್ಲ, ನನಗೆ ನೋಡ್ಲಿಕ್ಕೆ ಆಗ್ಲಿಲ್ಲ" ಎಂದಳು. "ನೀನು ಎಷ್ಟು ಹೇಳಿದರೂ ಅವರು ನಂಬುವವರಲ್ಲ. ಜಗಳ ಆಗಲಿಲ್ಲ ಅಂದ್ರೆ ಮುಗಿಯುವುದಿಲ್ಲ. ಆಯಿತು, ಮುಗಿಯಿತು ಅಂದ್ರೆ ಮುಗೀತದೆ. ಈಗ ಯಾರಿಗೂ ತೊಂದರೆ ಇಲ್ಲ."

"ನಿನಗೆ?"

"ನನಗೆ ಎಂತದು? ನೀನು ಕೆಲಸ ನೋಡು" ಎಂದಳು. ಮದರಂಗಿಯ ಕೈಯಲ್ಲೇ ನನ್ನ ಕಣ್ಣು ಒರೆಸಿದಳು. ಅವಳ ಮುಖ ಬಾಡಿತ್ತು. ಬೆಳಿಗ್ಗೆಯಿಂದ ಕೂತು ಬೆನ್ನು ನೋಯುತ್ತದೆ ಎಂದಳು. ಇರಬಹುದು.

ಮಾರನೆಯ ದಿನ ಬೆಳಿಗ್ಗೆ ನಾನು ಮೂಡುಬಿದಿರೆಯ ಉದ್ದದ ಮೇಜಿನ ಮುಂದೆ ಕೂತಿದ್ದೆ. ಆಮೇಲೆ ನನ್ನನ್ನು ಮನೆಗೆ ಬಾ ಎಂದವರಿಲ್ಲ, ಯಾಕೆ ಅಲ್ಲಿದ್ದೀ ಎಂದು ಕೇಳಿದವರಿಲ್ಲ. ಪುಸ್ತಕ ಮುಗಿಯಿತು. ಮತ್ತೆರಡು ಬಂದವು. ನನ್ನ ಕಾಲ ಮೇಲೆ ನಾನು ನಿಂತೆ ಎಂದು ಈಗ ಹೇಳಿಕೊಳ್ಳಬಹುದು. ಹೇಳಿಕೊಳ್ಳಲು ನಾಲಿಗೆ ಏಳುವುದಿಲ್ಲ, ಅಷ್ಟೇ. ಕುಟುಂಬದಲ್ಲಿ ಎಲ್ಲರೂ ಈಗ ಅತ್ತಿಗೆಯನ್ನು ಒಳ್ಳೆಯವಳೆನ್ನುತ್ತಾರೆ. ಬಾಯಿ ಜೋರು, ಆದರೆ ತಪ್ಪನ್ನು ಒಪ್ಪಿಕೊಳ್ಳುತ್ತಾಳೆ ಎನ್ನುತ್ತಾರೆ. ಅವಳು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿಲ್ಲ.

ಹೆರಿಗೆಯಾದ ಮೇಲೆ ಮಗುವನ್ನು ನೋಡಲು ಅಮ್ಮ, ಅಣ್ಣನ ಜೊತೆ ನೆರಿಯಕ್ಕೆ ಹೋದೆ. ಹೆಣ್ಣುಮಗು. ಅತ್ತಿಗೆ ಒಳಗಿನ ಕೋಣೆಯಲ್ಲಿ ಸ್ನಾನ ಮುಗಿಸಿ ಮಲಗಿದ್ದಳು. ಮಾಮಿ ನನಗೆ ಒಳ್ಳೆಯ ಕುರ್ಚಿ ಎಳೆದು, ಅದನ್ನು ಸೆರಗಿನಿಂದ ಒರೆಸಿದರು. ಚಾ ಮೊದಲು ನನಗೆ, ಆಮೇಲೆ ಅಮ್ಮನಿಗೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಲೋಟ ಹಿಡಿದುಕೊಂಡು ಅವರ ಹಿಂದೆಯೇ ಅಡಿಗೆಮನೆಗೆ ಹೋದೆ.

"ಮಾಮಿ, ಒಂದು ಮಾತು. ದೇವರಾಣೆಗೂ ನಮ್ಮಿಬ್ಬರಲ್ಲಿ ಯಾವ ಜಗಳವೂ ಆಗಿರಲಿಲ್ಲ. ಅತ್ತಿಗೆ ನನಗೆ ಏನೂ ಹೇಳಿಲ್ಲ. ಆ ದಿನ ಅವಳು ಸುಮ್ಮನೆ ಹಾಗೆ ಹೇಳಿದ್ದು."

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. ಒದ್ದೆ ಕೈ, ಬಿಸಿಯಾಗಿತ್ತು. "ಗೊತ್ತು ಮಗಾ" ಎಂದರು. ನನ್ನ ಎದೆಯಿಂದ ಭಾರ ಇಳಿಯಿತೆಂದುಕೊಂಡೆ. "ನೀವು ಮರೆತದ್ದು ನನ್ನ ಮಗಳ ಭಾಗ್ಯ" ಎಂದರು. "ಬಾಣಂತನ ಮುಗಿಸಿ ಅವಳನ್ನು ಕಳಿಸ್ತೇನೆ. ನಿಮ್ಮ ಮನೆ, ನಿಮ್ಮ ಕೈಯಲ್ಲಿ ಉಂಟು. ಇನ್ನು ಅವಳು ಎದುರಾಡುವುದಿಲ್ಲ, ನಾನು ಬುದ್ಧಿ ಹೇಳಿದ್ದೇನೆ."

ಒಳಗೆ ಮಗು ಅತ್ತಿತು. ಮಾಮಿ ಓಡಿಹೋಗಿ ಎತ್ತಿಕೊಂಡು ಬಂದರು. ಅಣ್ಣ ಕೈ ಚಾಚಿ ನಿಂತಿದ್ದ, ಅಮ್ಮ ಕುರ್ಚಿಯಿಂದ ಎದ್ದಿದ್ದಳು. ಅವರಿಬ್ಬರನ್ನೂ ದಾಟಿ ಬಂದು ಮಗುವನ್ನು ಮೊದಲು ನನ್ನ ಕೈಗೆ ಕೊಟ್ಟರು. ಕೊಟ್ಟು ಒಂದು ಹೆಜ್ಜೆ ಹಿಂದೆ ಸರಿದು, ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ನನಗೆ ಖುಷಿಯಾಯಿತೋ ಇಲ್ಲವೋ ಎಂದು ನನ್ನ ಮುಖವನ್ನೇ ನೋಡುತ್ತಾ ನಿಂತರು. ಆ ಕಣ್ಣುಗಳಲ್ಲಿದ್ದದ್ದು ಹೆದರಿಕೆ. ಯಾರೂ ನನ್ನನ್ನು ಹಾಗೆ ನೋಡಿದ್ದಿಲ್ಲ. ನಾನು ನಗಬೇಕಿತ್ತು, ನಕ್ಕೆ.